ಪ್ಯಾನಲ್ ಕೂರಿಸೋಕೆ ಎರಡು ದಿನ, ಪರ್ಮಿಟ್‌ಗೆ?

ಚಾವಣಿ ಮೇಲೆ ಸೋಲಾರ್ ಪ್ಯಾನಲ್ ಕೂರಿಸೋದು ಒಂದೆರಡು ದಿನದ ಕೆಲಸ. ಆದರೆ ಅಮೆರಿಕದ ಎಷ್ಟೋ ನಗರಗಳಲ್ಲಿ ಅದರ ಪರ್ಮಿಟ್‌ಗಾಗಿ ವಾರಗಟ್ಟಲೆ ಕಾಯಬೇಕು.

ಯಾಕೆ? ಪ್ರತಿ ನಗರಕ್ಕೂ ತನ್ನದೇ ಕಟ್ಟಡ ಇಲಾಖೆ, ತನ್ನದೇ ಫಾರಂ. ಅಧಿಕಾರಿ ಒಂದೊಂದೇ ನಕ್ಷೆ ಬಿಡಿಸಿ ನೋಡಬೇಕು: ವೈರಿನ ದಪ್ಪ ಸಾಕಾ, ಬ್ರೇಕರ್ ಸರಿ ಇದೆಯಾ, ಚಾವಣಿ ಭಾರ ತಡೆಯುತ್ತಾ, ಬೆಂಕಿ ಬಿದ್ದರೆ ಅಗ್ನಿಶಾಮಕದವರು ಮೇಲೆ ಓಡಾಡೋಕೆ ಜಾಗ ಇದೆಯಾ? ಇವೆಲ್ಲ ನೋಡಲೇಬೇಕು. ಆದರೆ ಸಾಮಾನ್ಯ ಮನೆಗಳ ಮಟ್ಟಿಗೆ ಇವು ನಿಯಮಪುಸ್ತಕದ ಲೆಕ್ಕಗಳು. ಕಂಪ್ಯೂಟರೇ ಮಾಡಬಲ್ಲದು.

ಅದಕ್ಕೇ ಅಲ್ಲಿನ ರಾಷ್ಟ್ರೀಯ ಪ್ರಯೋಗಾಲಯ ಎನ್‌ಆರ್‌ಇಎಲ್ 2021ರಲ್ಲಿ ಸೋಲಾರ್‌ಆ್ಯಪ್ ಪ್ಲಸ್ ತಂತು. ಗುತ್ತಿಗೆದಾರ ವಿವರ ತುಂಬಿದರೆ ತಂತ್ರಾಂಶ ನಿಯಮಗಳ ಜೊತೆ ತಾಳೆ ನೋಡುತ್ತೆ. ಸರಿ ಇದ್ದರೆ ಪರ್ಮಿಟ್ ಆಗಲೇ ಕೈಗೆ. ಕೆಲಸ ಮುಗಿದ ಮೇಲೆ ಇನ್‌ಸ್ಪೆಕ್ಟರ್ ಮನೆಗೆ ಬಂದು ಪರೀಕ್ಷಿಸೋದು ಮಾತ್ರ ತಪ್ಪಲ್ಲ, ತಪ್ಪಲೂಬಾರದು.

2022ರಲ್ಲಿ ಕ್ಯಾಲಿಫೋರ್ನಿಯಾ ಎಸ್‌ಬಿ 379 ಕಾಯ್ದೆ ತಂದು, ತೀರಾ ಸಣ್ಣ ಊರುಗಳನ್ನು ಬಿಟ್ಟು ಉಳಿದ ನಗರಗಳಿಗೆ ಇಂಥ ತಕ್ಷಣದ ಆನ್‌ಲೈನ್ ಪರ್ಮಿಟ್ ಕಡ್ಡಾಯ ಮಾಡಿತು. ಬೇ ಏರಿಯಾದ ಕನ್ನಡಿಗರೇ, ಸೋಲಾರ್ ಹಾಕಿಸೋ ಮುಂಚೆ ನಿಮ್ಮ ನಗರದಲ್ಲಿ ಇದು ಶುರುವಾಗಿದೆಯಾ ಅಂತ ಗುತ್ತಿಗೆದಾರರನ್ನು ಕೇಳಿ.

ನಮ್ಮಲ್ಲಿ ಈ ಅನುಮತಿ ಕೊಡೋದು ಮುಖ್ಯವಾಗಿ ವಿದ್ಯುತ್ ಸರಬರಾಜು ಕಂಪನಿ. 2024ರ ಕೇಂದ್ರದ ನಿಯಮದ ಪ್ರಕಾರ 10 ಕಿಲೋವಾಟ್‌ವರೆಗೆ ತಾಂತ್ರಿಕ ಅಧ್ಯಯನ ಬೇಕಿಲ್ಲ. ಪೂರ್ತಿ ತುಂಬಿದ ಅರ್ಜಿ ಒಪ್ಪಿಗೆಯಾದಂತೆಯೇ ಲೆಕ್ಕ. ಬೆಸ್ಕಾಂ ಆಗಲಿ ಹೆಸ್ಕಾಂ ಆಗಲಿ, ಅರ್ಜಿ ಹಾಕುವಾಗ ಈ ನಿಯಮ ನಿಮಗೆ ಗೊತ್ತಿರಲಿ.