ಅಕ್ಕನ ಐನೂರು ರೂಪಾಯಿ, ಮಗಳ ನಲವತ್ತೆರಡು ಕಿಲೋಮೀಟರ್

ನಾನು ಸಣ್ಣವನಿದ್ದಾಗ ನಮ್ಮ ಕೆದಂಬಾಡಿಯಲ್ಲಿ ಯಾರಾದರೂ ಓಡುತ್ತಿದ್ದರೆ ಅದಕ್ಕೊಂದು ಕಾರಣ ಇರುತ್ತಿತ್ತು. ದನ ಹಗ್ಗ ಬಿಚ್ಚಿಕೊಂಡು ನೆರೆಯವರ ಗದ್ದೆಗೆ ನುಗ್ಗಿರಬೇಕು. ಅಂಗಳದಲ್ಲಿ ಅಡಿಕೆ ಒಣಗುವಾಗ ಮಳೆ ಹನಿದಿರಬೇಕು. ಇಲ್ಲವೇ ಪುತ್ತೂರಿಗೆ ಹೋಗುವ ಬಸ್ಸು ತಿರುವಿನಲ್ಲಿ ಹಾರ್ನ್ ಹಾಕಿರಬೇಕು. ಸುಮ್ಮನೆ ಓಡುವವರನ್ನು ನಾವು ಕಂಡದ್ದಿಲ್ಲ. ಹಾಗಾಗಿ ಅಮೆರಿಕದಲ್ಲಿರುವ ಮಗಳು ಫೋನಿನಲ್ಲಿ "ಅಪ್ಪಾ, ಈ ಸಲ ಮ್ಯಾರಥಾನ್ ಓಡುತ್ತೇನೆ, 42 ಕಿಲೋಮೀಟರ್" ಎಂದಾಗ ನನ್ನ ಬಾಯಿಂದ ಬಂದದ್ದು ಒಂದೇ ಮಾತು: "ಯಾಕೆ, ಅಲ್ಲಿ ಬಸ್ಸಿಲ್ಲವಾ?"

ಆಮೇಲೆ ಕಾರಣ ತಿಳಿಯಿತು. ಅವಳು ಸೇರಿದ್ದು 'ಟೀಮ್ ಆಶಾ' ಎಂಬ ಓಟದ ತಂಡಕ್ಕೆ. ಭಾರತದ ಬಡಮಕ್ಕಳ ಶಿಕ್ಷಣಕ್ಕೆ ನೆರವಾಗಲೆಂದು 1991ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿದ್ದ ಭಾರತೀಯ ವಿದ್ಯಾರ್ಥಿಗಳು 'ಆಶಾ ಫಾರ್ ಎಜುಕೇಶನ್' ಎಂಬ ಸಂಸ್ಥೆ ಕಟ್ಟಿದರು. ಅವರಲ್ಲಿ ಒಬ್ಬರು ಸಂದೀಪ್ ಪಾಂಡೆ. ಮುಂದೆ 2002ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಸ್ವಯಂಸೇವಕರೇ ನಡೆಸುವ ಆ ಸಂಸ್ಥೆಯದೇ ಓಟದ ತಂಡ ಇದು. ತಂಡಕ್ಕೆ ಸೇರಿದವರಿಗೆ ತರಬೇತಿ ಸಿಗುತ್ತದೆ. ಅವರು ತಮ್ಮ ಪರಿಚಯದವರಿಂದ ದೇಣಿಗೆ ಒಟ್ಟು ಮಾಡಿ ಮಕ್ಕಳ ಓದಿಗೆ ಕೊಡುತ್ತಾರೆ.

ಆ ವರ್ಷ ಫೆಬ್ರವರಿ ಕೊನೆಗೆ ನಾನೂ ನನ್ನಾಕೆಯೂ ಆರು ತಿಂಗಳ ಮಟ್ಟಿಗೆ ಮಗಳ ಮನೆಗೆ ಹೋದೆವು. ಹೀಗೆ ಎಪ್ಪತ್ತು ದಾಟಿದ ಮೇಲೆ ನಾನೂ ಒಂದು ಓಟದ ತಂಡದವನಾದೆ. ಓಡಲಿಕ್ಕಲ್ಲ, ನೀರು ಕೊಡಲಿಕ್ಕೆ.

ನಲವತ್ತೆರಡು ಅಂದರೆ ಎಷ್ಟು ದೂರ?

ಮಕ್ಕಳೇ, ಮ್ಯಾರಥಾನ್ ಅಂದರೆ 42.195 ಕಿಲೋಮೀಟರ್. ಪುತ್ತೂರಿನಿಂದ ಹೊರಟು, ಮಾಣಿ, ಬಿ.ಸಿ.ರೋಡ್ ದಾಟಿ, ಮಂಗಳೂರಿಗೆ ಇನ್ನು ಸುಮಾರು ಹತ್ತು ಕಿಲೋಮೀಟರ್ ಇದೆ ಎನ್ನುವವರೆಗೆ ಓಡಿದ ಹಾಗೆ. ಈ ಚಿಲ್ಲರೆ ಲೆಕ್ಕ ಎಲ್ಲಿಂದ ಬಂತು? 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಓಟವನ್ನು ವಿಂಡ್ಸರ್ ಅರಮನೆಯಿಂದ ಶುರು ಮಾಡಿ, ಕ್ರೀಡಾಂಗಣದಲ್ಲಿ ರಾಜಮನೆತನದವರು ಕುಳಿತ ಜಾಗದ ಎದುರು ಮುಗಿಸಿದರು. ಆ ದೂರವೇ 1921ರಲ್ಲಿ ನಿಯಮವಾಗಿ ನಿಂತಿತು.

"ಅಜ್ಜ, ನಮ್ಮ ಊರಲ್ಲಿ ಯಾರಾದರೂ ಅಷ್ಟು ದೂರ ಹೋಗಿದ್ದಾರಾ?" ಎಂದು ಹತ್ತು ವರ್ಷದ ಮೊಮ್ಮಗಳು ಕೇಳಿದಳು. ಅವಳಿಗೆ 1837ರ ಕತೆ ಹೇಳಿದೆ. ಕೆದಂಬಾಡಿ ರಾಮಯ್ಯ ಗೌಡರೇ ಮೊದಲಾದವರ ಮುಂದಾಳ್ತನದಲ್ಲಿ ಸುಳ್ಯದ ಕಡೆಯ ರೈತರು ಈಸ್ಟ್ ಇಂಡಿಯಾ ಕಂಪೆನಿಯ ವಿರುದ್ಧ ಎದ್ದು, ಮಂಗಳೂರಿನವರೆಗೂ ಹೋಗಿ ಬಾವುಟ ಹಾರಿಸಿ, 13 ದಿನ ಆ ಪಟ್ಟಣವನ್ನು ಹಿಡಿದಿಟ್ಟುಕೊಂಡ ಕತೆ. ಬಾವುಟಗುಡ್ಡೆಯಲ್ಲಿ ಈಗ ಗೌಡರ ಪ್ರತಿಮೆ ಇದೆ. "ಅವರದ್ದೂ ಟೀಮ್ ಆಗಿತ್ತಾ?" ಎಂದಳು. "ದೊಡ್ಡ ಟೀಮ್" ಎಂದೆ.

ಶನಿವಾರದ ಪಾಠ

ತರಬೇತಿ ನಡೆಯುತ್ತಿದ್ದದ್ದು ಲಾಸ್ ಗಾಟೋಸ್ ಎಂಬಲ್ಲಿ, ಹಳ್ಳದ ದಂಡೆಯ ಕಾಲುದಾರಿಯಲ್ಲಿ. ಶನಿವಾರ ಬೆಳಕು ಹರಿಯುವಾಗ ಎಲ್ಲರೂ ಸೇರಬೇಕು. ಕನ್ನಡ, ತಮಿಳು, ತೆಲುಗು, ಹಿಂದಿ, ಮರಾಠಿ ಎಲ್ಲ ಭಾಷೆಯೂ ಕೇಳುತ್ತಿತ್ತು. ಹೆಚ್ಚಿನವರು ಕಂಪ್ಯೂಟರಿನ ಮುಂದೆ ಕುಳಿತು ಕೆಲಸ ಮಾಡುವವರು. ಶಾಲೆ ಬಿಟ್ಟ ಮೇಲೆ ಓಡಿದವರಲ್ಲ.

ಮೊದಲ ವಾರ ಓಡಿದ್ದು ಐದೇ ಕಿಲೋಮೀಟರ್. ವಾರದ ನಡುವೆ ಎರಡು ದಿನ ಸಣ್ಣ ಓಟ, ಶನಿವಾರ ಉದ್ದ ಓಟ, ಉಳಿದ ದಿನ ವಿಶ್ರಾಂತಿ ಅಥವಾ ಈಜು. ಉದ್ದ ಓಟ ವಾರದಿಂದ ವಾರಕ್ಕೆ ಸ್ವಲ್ಪ ಸ್ವಲ್ಪವೇ ಬೆಳೆಯುತ್ತದೆ. ನಡುವೆ ಒಂದು ವಾರ ಬೇಕೆಂದೇ ಕಡಿಮೆ ಮಾಡುತ್ತಾರೆ. ತರಬೇತಿಯಲ್ಲಿ 32 ಕಿಲೋಮೀಟರಿಗಿಂತ ಹೆಚ್ಚು ಓಡಿಸಲಿಲ್ಲ. ಅದಕ್ಕಿಂತ ಹೆಚ್ಚಾದರೆ ಮೈ ಸುಧಾರಿಸಿಕೊಳ್ಳಲು ಬಹಳ ದಿನ ಬೇಕಂತೆ. ಕೊನೆಯ ಎರಡು ಮೂರು ವಾರ ಓಟ ಇಳಿಸುತ್ತಾ ಬರಬೇಕು. ಪರೀಕ್ಷೆಯ ಹಿಂದಿನ ರಾತ್ರಿ ನಿದ್ದೆಗೆಟ್ಟು ಓದಬೇಡಿ ಎಂದು ನಮ್ಮ ಮೇಷ್ಟ್ರು ಹೇಳುತ್ತಿದ್ದದ್ದೂ ಇದನ್ನೇ.

ಇನ್ನೊಂದು ಉಪಾಯ ನನಗೆ ಬಹಳ ಹಿಡಿಸಿತು. ನಾಲ್ಕು ನಿಮಿಷ ಓಡು, ಒಂದು ನಿಮಿಷ ನಡೆ. ಮತ್ತೆ ನಾಲ್ಕು ಓಡು. 1972ರ ಒಲಿಂಪಿಕ್ಸ್‌ನಲ್ಲಿ ಓಡಿದ ಜೆಫ್ ಗ್ಯಾಲೊವೇ ಎಂಬವರು ಇದನ್ನು ಜನಪ್ರಿಯ ಮಾಡಿದರು. ಸುಸ್ತಾದ ಮೇಲೆ ನಡೆಯುವುದಲ್ಲ, ಸುಸ್ತಾಗದ ಹಾಗೆ ನಡೆಯುವುದು. ಓಡುವಾಗ ಪಕ್ಕದವರ ಜತೆ ಮಾತಾಡಲು ಉಸಿರು ಉಳಿದಿರಬೇಕು; ಮಾತು ನಿಂತರೆ ವೇಗ ಹೆಚ್ಚಾಯಿತು ಎಂದು ಅರ್ಥ.

ಓಡುವವರ ಮೈಯಲ್ಲಿ ಸಕ್ಕರೆ ಅಂಶದ ದಾಸ್ತಾನು ಸುಮಾರು 30 ಕಿಲೋಮೀಟರಿನವರೆಗೆ ಬರುತ್ತದೆ. ಅದು ಮುಗಿದಾಗ ಕಾಲು ಕಲ್ಲಾಗುತ್ತದೆ; 'ಗೋಡೆಗೆ ಬಡಿದ ಹಾಗೆ' ಎನ್ನುತ್ತಾರೆ ಓಟಗಾರರು. ಬೆವರಿನ ಜತೆ ಉಪ್ಪೂ ಹೋಗುತ್ತದೆ. ಅದಕ್ಕೇ ದಾರಿಯಲ್ಲಿ ನಮ್ಮ ಮೇಜು. ಬಾಳೆಹಣ್ಣು, ಕಿತ್ತಳೆ ಹೋಳು, ಉಪ್ಪು ಹಾಕಿ ಬೇಯಿಸಿದ ಬಟಾಟೆ, ಲೋಟಗಳಲ್ಲಿ ನೀರು. ಊರಿಂದ ತಂದ ಪುನರ್ಪುಳಿ ಸಿಪ್ಪೆ ನೆನೆಸಿ, ಚಿಟಿಕೆ ಉಪ್ಪು ಹಾಕಿ ನನ್ನಾಕೆ ಶರಬತ್ತು ಮಾಡಿದಳು. ಮೂರನೆಯ ಶನಿವಾರದ ಹೊತ್ತಿಗೆ ತಂಡದವರೆಲ್ಲ ಅದನ್ನೇ ಕೇಳಿಕೊಂಡು ಬರುತ್ತಿದ್ದರು.

ತಂಡ ಯಾಕೆ ಬೇಕು ಎಂಬುದೂ ಆ ಮೇಜಿನ ಹಿಂದೆ ನಿಂತು ನನಗೆ ತಿಳಿಯಿತು. ಒಬ್ಬರೇ ಆದರೆ ಬೆಳಗಿನ ಜಾವ ಹಾಸಿಗೆಯೇ ಗೆಲ್ಲುತ್ತದೆ. ಅಲ್ಲಿ ಯಾರೋ ಕಾಯುತ್ತಿದ್ದಾರೆ ಎಂದಾದರೆ ಎದ್ದೇ ಏಳುತ್ತೇವೆ. ಕೊನೆಯವರು ಮುಟ್ಟುವವರೆಗೆ ಯಾರೂ ಮನೆಗೆ ಹೋಗುತ್ತಿರಲಿಲ್ಲ.

ಮೊಮ್ಮಗಳ ಪ್ರಶ್ನೆ

ಮೇ ತಿಂಗಳಲ್ಲಿ ಒಂದು ಶನಿವಾರ 26 ಕಿಲೋಮೀಟರಿನ ಓಟ. ಮಗಳು ಕುಂಟುತ್ತಾ ಬಂದು ನಮ್ಮ ಮೇಜಿನ ಪಕ್ಕ ಕುಳಿತುಬಿಟ್ಟಳು. ಮಂಡಿ ಊದಿತ್ತು. ಎರಡು ವಾರ ಓಡಲೇಬಾರದು ಎಂದರು ಕೋಚ್. ಮನೆಗೆ ಬಂದವಳ ಕಣ್ಣಲ್ಲಿ ನೀರು. "ನೋವು ನುಂಗಿಕೊಂಡು ಓಡುತ್ತೇನೆ. ಹಣ ಕೊಟ್ಟವರಿಗೆ ನಾನೇನು ಹೇಳಲಿ?"

ಆಗ ಮೊಮ್ಮಗಳು ಕೇಳಿದಳು: "ಅಜ್ಜ, ಹಣ ಕೊಡುವವರು ಸುಮ್ಮನೆ ಕೊಡಬಹುದಲ್ಲ? ಅಮ್ಮ ಯಾಕೆ ಓಡಬೇಕು?"

ಸರಿಯಾದ ಪ್ರಶ್ನೆ. ತಕ್ಷಣ ಉತ್ತರ ಹೊಳೆಯಲಿಲ್ಲ. ರಾತ್ರಿ ಯೋಚಿಸಿದಾಗ ನೆನಪಾದದ್ದು ಬ್ಯಾಂಕಿನ ನನ್ನ ಕುರ್ಚಿ. ಸಾಲ ಕೇಳಿಕೊಂಡು ಬಂದವರಿಗೆ ನಾವು ಪೂರ್ತಿ ಹಣ ಕೊಡುತ್ತಿರಲಿಲ್ಲ. ಪಂಪ್‌ಸೆಟ್ಟಿಗೆ ಆಗಲಿ, ಹಸುವಿಗೆ ಆಗಲಿ, ಅವರದ್ದೂ ಒಂದು ಪಾಲು ಹಾಕಬೇಕು. ಅದಕ್ಕೆ ಮಾರ್ಜಿನ್ ಹಣ ಎನ್ನುತ್ತಿದ್ದೆವು. ತನ್ನದನ್ನೂ ಹಾಕಿದವನು ಕೆಲಸ ಅರ್ಧಕ್ಕೆ ಬಿಡುವುದಿಲ್ಲ ಎಂಬ ನಂಬಿಕೆ. ಶಿವರಾತ್ರಿಗೆ ಘಾಟಿ ಇಳಿದು ಧರ್ಮಸ್ಥಳಕ್ಕೆ ನಡೆದುಬರುವವರನ್ನು ನೋಡಿ, ಬಸ್ಸಿದ್ದರೂ ನಡೆಯುತ್ತಾರೆ. ಕೇಳುವ ಮೊದಲು ತನ್ನದೇನಾದರೂ ಕೊಡಬೇಕು ಎಂಬುದು ನಮ್ಮ ಜನರಿಗೆ ಗೊತ್ತಿರುವ ಮಾತೇ. ಬೆಳಿಗ್ಗೆ ಮೊಮ್ಮಗಳಿಗೆ ಹೇಳಿದೆ: "ಅಮ್ಮನ ಬೆವರೇ ಅಮ್ಮನ ಮಾರ್ಜಿನ್ ಹಣ. ಆದರೆ ಮಂಡಿ ಮಾರ್ಜಿನ್ ಹಣ ಅಲ್ಲ, ಅದನ್ನು ಅಡವಿಡಬಾರದು."

ಹೀಗೆ ಓಡಿ ಹಣ ಕೂಡಿಸುವ ಪದ್ಧತಿ ಹೊಸತಲ್ಲ. 1988ರಲ್ಲಿ ಅಮೆರಿಕದ ಬ್ರೂಸ್ ಕ್ಲೆಲೆಂಡ್ ಎಂಬವರು, ತಮ್ಮ ಪುಟ್ಟ ಮಗಳಿಗೆ ರಕ್ತದ ಕ್ಯಾನ್ಸರ್ ಬಂದಾಗ, 38 ಜನರ ತಂಡ ಕಟ್ಟಿ ನ್ಯೂಯಾರ್ಕ್ ಮ್ಯಾರಥಾನ್ ಓಡಿ 3,22,000 ಡಾಲರ್ ಕೂಡಿಸಿದರು. ನಮ್ಮ ದೇಶದಲ್ಲಿ 2004ರಿಂದ ಮುಂಬೈ ಮ್ಯಾರಥಾನ್, 2008ರಿಂದ ಬೆಂಗಳೂರಿನ ಹತ್ತು ಕಿಲೋಮೀಟರ್ ಓಟ ಇದೇ ದಾರಿಯಲ್ಲಿ ನಡೆಯುತ್ತಿವೆ.

ಸಂಕ ದಾಟಿದ ಹಾಗೆ

ಮಗಳು ಪರಿಚಯದವರಿಗೆ ಬರೆದ ಪತ್ರದಲ್ಲಿ ತನ್ನ ದೊಡ್ಡತ್ತೆಯ ವಿಷಯ ಬರೆದಿದ್ದಳು. ದೊಡ್ಡತ್ತೆ ಅಂದರೆ ನನ್ನ ಅಕ್ಕ. ನನಗಿಂತ ಐದು ವರ್ಷ ದೊಡ್ಡವಳು. ನಾವು ಶಾಲೆಗೆ ಹೋಗಲು ತೋಡು ದಾಟಬೇಕಿತ್ತು. ಅಡಿಕೆ ಮರ ಅಡ್ಡ ಹಾಕಿದ ಸಂಕ. ಮಳೆಗಾಲದಲ್ಲಿ ಪಾಚಿ ಹಿಡಿದು ಜಾರುತ್ತಿತ್ತು, ಕೆಳಗೆ ಕೆಂಪು ನೀರು. ನನ್ನ ಕೈ ಹಿಡಿದು ಸಂಕ ದಾಟಿಸಿದವಳು ಅಕ್ಕ. ನಾನು ಒಂದನೆಯ ಕ್ಲಾಸು ಮುಗಿಸುವ ಹೊತ್ತಿಗೆ ಅವಳನ್ನು ಐದನೆಯದಕ್ಕೇ ಬಿಡಿಸಿದರು. ಮನೆಯಲ್ಲಿ ತಂಗಿ ಹುಟ್ಟಿದ್ದಳು, ನೋಡಿಕೊಳ್ಳಲು ಜನ ಬೇಕಿತ್ತು. ಲೆಕ್ಕದಲ್ಲಿ ಅವಳು ನನಗಿಂತ ಚುರುಕು. ಆದರೆ ಬಿ.ಕಾಂ. ಮಾಡಿ ಬ್ಯಾಂಕಿಗೆ ಸೇರಿದವನು ನಾನು. ಅಡಿಕೆ ಸುಲಿಯಲು ಕುಳಿತವಳು ಅವಳು.

ಮಂಡಿಯ ಸುದ್ದಿಯನ್ನು ಆದಿತ್ಯವಾರ ಫೋನಿನಲ್ಲಿ ಅಕ್ಕನಿಗೆ ಹೇಳಿದೆ. ಅವಳು ತುಳುವಿನಲ್ಲಿ ಅಂದದ್ದು ಇಷ್ಟು: "ಮಗುವಿಗೆ ಹೇಳು, ನಡೆದರೂ ಸಾಕು. ನಾವು ಸಂಕ ದಾಟುವಾಗ ಓಡುತ್ತಿದ್ದೆವಾ? ಮೆಲ್ಲ ಹೆಜ್ಜೆ ಇಟ್ಟೇ ಶಾಲೆಗೆ ಮುಟ್ಟಲಿಲ್ಲವಾ? ಮತ್ತೆ, ನನ್ನ ಲೆಕ್ಕದಲ್ಲಿ ಐನೂರು ಬರೆದುಕೋ. ನೀನು ಬಂದ ಮೇಲೆ ಕೊಡುತ್ತೇನೆ."

ಬರೆದುಕೊಂಡೆ. ಡಾಲರಿಗೆ ಬದಲಿಸಿದರೆ ಆರಕ್ಕೂ ತುಸು ಕಡಿಮೆ. ಮಗಳ ಪಟ್ಟಿಯಲ್ಲಿ ಅಷ್ಟು ಸಣ್ಣ ಮೊತ್ತ ಬೇರೆ ಇರಲಿಲ್ಲ. ಆದರೆ ಅದನ್ನು ನೋಡಿದ ಮೇಲೆ ಮಗಳು ಎರಡು ವಾರ ಸುಮ್ಮನೆ ಕುಳಿತಳು, ಈಜಿದಳು, ಆಮೇಲೆ ನಡೆದಳು, ಆಮೇಲೆ ಓಡಿದಳು. ಹಣ ಕೊಟ್ಟವರಿಗೆಲ್ಲ "ಓಡಲಾಗದಿದ್ದರೆ ನಡೆಯುತ್ತೇನೆ" ಎಂದು ಬರೆದಳು. ಯಾರೂ ಬೇಡ ಅನ್ನಲಿಲ್ಲ.

ಜುಲೈಯ ಒಂದು ಆದಿತ್ಯವಾರ ಸ್ಯಾನ್ ಫ್ರಾನ್ಸಿಸ್ಕೊ ಮ್ಯಾರಥಾನ್. ನಸುಕಿನಲ್ಲೇ ಶುರು, ಬೇಸಿಗೆಯಾದರೂ ಕೊರೆಯುವ ಚಳಿ, ಮಂಜು. ಓಟ ಗೋಲ್ಡನ್ ಗೇಟ್ ಸೇತುವೆಯ ಮೇಲೆ ಹೋಗುತ್ತದೆ. 1937ರಲ್ಲಿ ತೆರೆದ ಆ ಸೇತುವೆಯ ಉದ್ದ 2.7 ಕಿಲೋಮೀಟರ್. ಮುಗಿಸುವ ಜಾಗದಲ್ಲಿ ನಾವು ಕಾದೆವು. ತಂಡದ ಒಬ್ಬೊಬ್ಬರೇ ಬಂದರು, ಯಾರೂ ಹೋಗಲಿಲ್ಲ. 5 ಗಂಟೆ 48 ನಿಮಿಷಕ್ಕೆ ನನ್ನ ಮಗಳು ಬಂದಳು. ಕುಂಟುತ್ತಿರಲಿಲ್ಲ. "ಅಪ್ಪಾ, ಸಂಕ ದಾಟಿದೆ" ಎಂದಳು.

ಅಜ್ಜ ಅಜ್ಜಿಯರಿಗೆ ಎರಡು ಮಾತು

ನಮ್ಮಿಂದ ಆದೀತಾ ಎನ್ನಬೇಡಿ. ಪಂಜಾಬಿನಲ್ಲಿ ಹುಟ್ಟಿದ ಫೌಜಾ ಸಿಂಗ್ ಹೆಂಡತಿಯನ್ನೂ ಮಗನನ್ನೂ ಕಳಕೊಂಡ ದುಃಖದಲ್ಲಿ ಓಟ ಹಿಡಿದವರು. 2000ದಲ್ಲಿ, 89ನೆಯ ವಯಸ್ಸಿನಲ್ಲಿ, ಅವಧಿಗೆ ಮೊದಲೇ ಹುಟ್ಟುವ ಶಿಶುಗಳಿಗಾಗಿ ಹಣ ಕೂಡಿಸಲು ಲಂಡನ್ ಮ್ಯಾರಥಾನ್ ಓಡಿದರು. 2003ರಲ್ಲಿ ಟೊರೊಂಟೊದಲ್ಲಿ 5 ಗಂಟೆ 40 ನಿಮಿಷ. ನನ್ನ ಮಗಳಿಗಿಂತ ಎಂಟು ನಿಮಿಷ ಬೇಗ! 2011ರಲ್ಲಿ, 100ನೆಯ ವಯಸ್ಸಿನಲ್ಲಿ, ಮತ್ತೆ ಅಲ್ಲೇ ಓಡಿ ಮುಗಿಸಿದರು. ಜನನ ಪ್ರಮಾಣಪತ್ರ ಇಲ್ಲವೆಂದು ಗಿನ್ನೆಸ್‌ನವರು ದಾಖಲೆ ಬರೆದುಕೊಳ್ಳಲಿಲ್ಲ. ನಮ್ಮ ಕಾಲದವರಿಗೆ ಆ ಕಷ್ಟ ಅರ್ಥವಾಗುತ್ತದೆ. 2025ರ ಜುಲೈಯಲ್ಲಿ, 114ರಲ್ಲಿ, ರಸ್ತೆ ಅಪಘಾತದಲ್ಲಿ ತೀರಿಕೊಂಡರು.

ಆದರೆ ಮೊದಲು ಡಾಕ್ಟರರನ್ನು ಕೇಳಿ. ಓಟವೇ ಬೇಕೆಂದಿಲ್ಲ, ನಡೆಯಬಹುದು. ಮಕ್ಕಳು ಇಷ್ಟು ಉದ್ದ ಓಡಬಾರದು. ಒಂದೆರಡು ಕಿಲೋಮೀಟರಿನ ಓಟ ಅವರಿಗೆ ಸಾಕು. ಹಣದ ವಿಷಯದಲ್ಲಿ ಹಳೆಯ ಗುಮಾಸ್ತನ ಸಲಹೆ: ಓಟಕ್ಕೆ ಹೆಸರು ನೋಂದಾಯಿಸಲು ಕೊಡುವ ಶುಲ್ಕ ದೇಣಿಗೆಯಲ್ಲ, ಅದು ಓಟ ನಡೆಸುವ ಖರ್ಚಿಗೆ ಹೋಗುತ್ತದೆ. ದೇಣಿಗೆ ಬೇರೆ. ಅದು ಯಾವ ಸಂಸ್ಥೆಗೆ, ಯಾವ ಕೆಲಸಕ್ಕೆ ಎಂದು ಕೇಳಿ. ರಶೀದಿ ತೆಗೆದುಕೊಳ್ಳಿ.

ಆಗಸ್ಟಿನಲ್ಲಿ ಊರಿಗೆ ಬಂದ ಮರುದಿನವೇ ಅಕ್ಕ ಬಂದಳು. ಎಲೆಯಡಿಕೆಯ ಚೀಲದಿಂದ ಐದು ನೂರರ ನೋಟು ತೆಗೆದು ಎಣಿಸಿ ಕೊಟ್ಟಳು. ಬೇಡ ಅನ್ನುವ ಧೈರ್ಯ ನನಗಿರಲಿಲ್ಲ.

"ಇದರಲ್ಲಿ ಎಷ್ಟು ಮಕ್ಕಳು ಓದುತ್ತಾರೆ?"

"ಒಬ್ಬರ ಪುಸ್ತಕಕ್ಕೆ ಆದೀತು."

"ಹೆಣ್ಣು ಮಗುವಾ?"

"ಅದು ಗೊತ್ತಿಲ್ಲ ಅಕ್ಕ."

"ಹೆಣ್ಣಾದರೆ ಐದನೆಯದು ದಾಟಲಿ" ಎಂದಳು. ಮತ್ತೆ ಕೈ ಚಾಚಿದಳು. "ರಶೀದಿ ಕೊಡು."

ಮಗಳು ಕಳಿಸಿದ ರಶೀದಿ ಇಂಗ್ಲಿಷಿನಲ್ಲಿತ್ತು. ಅದರ ಹಿಂದೆ ಅವಳ ಹೆಸರು, ಮೊತ್ತ, ಉದ್ದೇಶ ಎಲ್ಲ ಕನ್ನಡದಲ್ಲಿ ಬರೆದು ಕೊಟ್ಟೆ. ಅಕ್ಕ ಕನ್ನಡಕ ಹಾಕಿಕೊಂಡು ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದಳು. ತಪ್ಪಿಲ್ಲದೆ ಓದಿದಳು. ಮಡಚಿ ಎಲೆಯಡಿಕೆಯ ಚೀಲಕ್ಕೆ ಹಾಕಿಕೊಂಡಳು.