ಶಸ್ತ್ರವೈದ್ಯರೂ ಸಾಮಾಜಿಕ ಜಾಲತಾಣವೂ: ನಮ್ಮ ಉದ್ದಿಮೆದಾರರಿಗೆ ಇದರಿಂದೇನು?

ಬ್ಯಾಡಗಿಯ ಮೆಣಸಿನಕಾಯಿ ವರ್ತಕರಾಗಲಿ, ರಾಣೆಬೆನ್ನೂರಿನ ಬೀಜೋತ್ಪಾದಕರಾಗಲಿ ತಮ್ಮ ಸರಕಿನ ಗುಣವನ್ನು ಸಾರಿ ಹೇಳಲು ಯಾರ ಅಪ್ಪಣೆಯನ್ನೂ ಕೇಳಬೇಕಿಲ್ಲ. ಶಸ್ತ್ರಚಿಕಿತ್ಸಕರಿಗೆ ಆ ಸ್ವಾತಂತ್ರ್ಯವಿಲ್ಲ. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ವೃತ್ತಿ ನಡಾವಳಿ ನಿಯಮಗಳ ಪ್ರಕಾರ ವೈದ್ಯರು ರೋಗಿಗಳನ್ನು ಸೆಳೆಯಲು ಜಾಹೀರಾತು ನೀಡುವಂತಿಲ್ಲ. ಹೊಸದಾಗಿ ದವಾಖಾನೆ ತೆರೆದಾಗ, ವಿಳಾಸ ಬದಲಾದಾಗ, ಕೆಲಕಾಲ ಊರಲ್ಲಿರದೆ ಮರಳಿ ಬಂದಾಗ ಪತ್ರಿಕಾ ಪ್ರಕಟಣೆ ನೀಡಬಹುದು. ಶುಲ್ಕವನ್ನೂ ಬಹಿರಂಗವಾಗಿ ಘೋಷಿಸಬಹುದು. ಈ ಕೊನೆಯ ಅವಕಾಶವನ್ನು ಬಳಸಿಕೊಂಡವರು ಕಣ್ಣಿಗೆ ಬೀಳುವುದು ಅಪರೂಪವೆಂಬುದು ಬೇರೆ ಮಾತು.

ಆದರೂ ಇಂದು ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಯೂಟ್ಯೂಬ್‌ಗಳಲ್ಲಿ ಶಸ್ತ್ರಚಿಕಿತ್ಸೆಯ ದೃಶ್ಯಗಳಿಗೂ ಗುಣಮುಖರಾದವರ ಪ್ರಶಂಸೆಗಳಿಗೂ ಕೊರತೆಯಿಲ್ಲ. ಇದಕ್ಕೆ ಕಡಿವಾಣ ಹಾಕಲೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗವು 2023ರ ಆಗಸ್ಟ್ 2ರಂದು ಹೊಸ ನಿಯಮಗಳನ್ನು ಹೊರಡಿಸಿತು. ಮೆಚ್ಚುಗೆಗಳನ್ನೂ ಹಿಂಬಾಲಕರನ್ನೂ ಹಣ ಕೊಟ್ಟು ಕೊಳ್ಳಬಾರದು, ಗುಣಹೊಂದಿದ ರೋಗಿಯ ಚಿತ್ರ ತೋರಿಸಿ ಗಿರಾಕಿ ಹಿಡಿಯಬಾರದು ಎಂದು ಅಲ್ಲಿ ಸ್ಪಷ್ಟವಾಗಿ ಬರೆಯಲಾಗಿತ್ತು. ಬೇರೆ ಅಂಶಗಳಿಗೆ, ವಿಶೇಷವಾಗಿ ಜೆನೆರಿಕ್ ಔಷಧಿಯ ವಿಧಿಗೆ, ವಿರೋಧ ಬಂದುದರಿಂದ ಮೂರು ವಾರದೊಳಗೆ ಆ ನಿಯಮಗಳನ್ನು ತಡೆಹಿಡಿಯಲಾಯಿತು. 2002ರ ನಿಯಮಗಳೇ ಮುಂದುವರಿದವು. ಆದ್ದರಿಂದ ಹಿಂಬಾಲಕರ ಸಂಖ್ಯೆಯನ್ನು ಕೈಚಳಕದ ಅಳತೆಯೆಂದು ಯಾರೂ ಭಾವಿಸಬಾರದು. ಸರಕಿನ ಚೀಲದ ಮೇಲಿನ ಚಿತ್ರ ನೋಡಿ ದರ ಕಟ್ಟುವ ವರ್ತಕರು ನಮ್ಮಲ್ಲಿ ಯಾರಿದ್ದಾರೆ?

ಜಾಲತಾಣದ ನಿಜವಾದ ಪ್ರಯೋಜನ ಸಾರ್ವಜನಿಕರ ಕಣ್ಣಿಗೆ ಬೀಳದ ಕಡೆಯಲ್ಲಿದೆ. ನ್ಯೂಯಾರ್ಕಿನ ಶಸ್ತ್ರಚಿಕಿತ್ಸಕ ಬ್ರಯಾನ್ ಜೇಕಬ್ 2012ರಲ್ಲಿ ಹರ್ನಿಯಾ ಚಿಕಿತ್ಸಕರಿಗಾಗಿಯೇ ಫೇಸ್‌ಬುಕ್‌ನಲ್ಲಿ ಮುಚ್ಚಿದ ಬಳಗವೊಂದನ್ನು ಆರಂಭಿಸಿದರು. ಕ್ಲಿಷ್ಟ ಪ್ರಕರಣ ಎದುರಾದಾಗ ಒಬ್ಬರು ಕೇಳುತ್ತಾರೆ, ಹಲವು ದೇಶಗಳ ಅನುಭವಿಗಳು ಉತ್ತರಿಸುತ್ತಾರೆ. ನಮ್ಮ ರಾಜ್ಯಕ್ಕೂ ಇದು ಹೊಸತಲ್ಲ. ಡಾ. ದೇವಿ ಶೆಟ್ಟಿಯವರ ನಾರಾಯಣ ಹೃದಯಾಲಯವು ಇಸ್ರೋ ಉಪಗ್ರಹದ ನೆರವಿನಿಂದ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯೊಡನೆ ಸಂಪರ್ಕ ಸಾಧಿಸಿ ಎರಡು ದಶಕಗಳೇ ಕಳೆದಿವೆ. ಅಂದು ಉಪಗ್ರಹ ಬೇಕಾಗಿದ್ದ ಕೆಲಸಕ್ಕೆ ಇಂದು ಜೇಬಿನ ಮೊಬೈಲ್ ಸಾಕು. ಮಂಗಳೂರಿನ ಡಾ. ಪದ್ಮನಾಭ ಕಾಮತ್ ಅವರು ಶಸ್ತ್ರಚಿಕಿತ್ಸಕರಲ್ಲ, ಹೃದ್ರೋಗ ತಜ್ಞರು. 2018ರಲ್ಲಿ ಅವರು ಗ್ರಾಮೀಣ ವೈದ್ಯರನ್ನು ವಾಟ್ಸಾಪ್ ಬಳಗಕ್ಕೆ ಸೇರಿಸಿ, ಇಸಿಜಿ ಯಂತ್ರಗಳನ್ನು ಒದಗಿಸಿ, ಹಳ್ಳಿಯಿಂದ ಬಂದ ಇಸಿಜಿಯ ಚಿತ್ರ ನೋಡಿ ಸಲಹೆ ನೀಡುವ ವ್ಯವಸ್ಥೆಯನ್ನು ಕಟ್ಟಿದರು.

ಇದೇ ಉಪಾಯ ನಮ್ಮ ಭಾಗದ ಉದ್ದಿಮೆಗಳಿಗೆ ಹೆಚ್ಚು ಒದಗುವುದು ಕೈ ಗಾಯದ ಸಂದರ್ಭದಲ್ಲಿ. ಹತ್ತಿ ಜಿನ್ನಿಂಗ್ ಕಾರ್ಖಾನೆ, ಖಾರದ ಪುಡಿಯ ಗಿರಣಿ, ಗೋವಿನಜೋಳ ಒಕ್ಕುವ ಯಂತ್ರ, ಮೇವು ಕತ್ತರಿಸುವ ಯಂತ್ರ – ಇವೆಲ್ಲ ಬೆರಳನ್ನು ಬಲಿ ಕೇಳುವಂಥವು. ಹೆದ್ದಾರಿಯಿಂದ ಒಳಗಿರುವ ಮೇಡ್ಲೇರಿಯಂತಹ ಊರಿನಲ್ಲಿ ಬೆರಳು ತುಂಡಾದರೆ ಮೊದಲು ಹತ್ತಿರದ ಆಸ್ಪತ್ರೆ, ಅಲ್ಲಿಂದ ತಾಲ್ಲೂಕು, ಅಲ್ಲಿಂದ ದಾವಣಗೆರೆ ಅಥವಾ ಹುಬ್ಬಳ್ಳಿ ಎಂದು ಅಲೆಯುವಷ್ಟರಲ್ಲಿ ಹೊತ್ತು ಮೀರುತ್ತದೆ. ಮೊದಲು ನೋಡಿದ ವೈದ್ಯರು ಕೈಯ ಎರಡೂ ಬದಿಯ, ತುಂಡಾದ ಭಾಗದ ಹಾಗೂ ಎಕ್ಸ್‌ರೇ ಚಿತ್ರವನ್ನು ಪ್ಲಾಸ್ಟಿಕ್ ಸರ್ಜನ್‌ರಿಗೆ ಕಳುಹಿಸಿದರೆ, ಅದು ಹರಿತವಾಗಿ ಕತ್ತರಿಸಿದ್ದೋ ಜಜ್ಜಿಹೋದದ್ದೋ ಎಂಬುದು ಅವರಿಗೆ ಬಹುಮಟ್ಟಿಗೆ ತಿಳಿಯುತ್ತದೆ. ಹರಿತವಾಗಿ ಕತ್ತರಿಸಿದ್ದನ್ನು ಮರುಜೋಡಿಸುವ ಸಾಧ್ಯತೆ ಹೆಚ್ಚು, ಜಜ್ಜಿದ್ದರಲ್ಲಿ ಕಡಿಮೆ. ನೇರವಾಗಿ ಎಲ್ಲಿಗೆ ಒಯ್ಯಬೇಕೆಂಬುದು ಆಗಲೇ ನಿರ್ಧಾರವಾಗುತ್ತದೆ, ಅಲ್ಲಿ ಸಿದ್ಧತೆಯೂ ಆರಂಭವಾಗುತ್ತದೆ.

ಚಿತ್ರ ಹೋದರೆ ಸಾಲದು, ಬೆರಳೂ ಸರಿಯಾಗಿ ಹೋಗಬೇಕು. ಗಾಯವನ್ನು ಶುಭ್ರ ಬಟ್ಟೆಯಿಂದ ಒತ್ತಿ ಹಿಡಿದು ಕೈಯನ್ನು ಮೇಲೆತ್ತಿರಬೇಕು. ತುಂಡಾದ ಭಾಗವನ್ನು ಶುದ್ಧ ನೀರಿನಿಂದ ಹಗುರವಾಗಿ ತೊಳೆದು, ಒದ್ದೆ ಮಾಡಿ ಹಿಂಡಿದ ಶುಭ್ರ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು, ಆ ಚೀಲವನ್ನು ಮಂಜುಗಡ್ಡೆ ಬೆರೆಸಿದ ನೀರಿನಲ್ಲಿಡಬೇಕು. ಮಂಜುಗಡ್ಡೆಗೆ ನೇರವಾಗಿ ತಗುಲಿಸಿದರೆ ಜೀವಕೋಶಗಳು ಕೆಡುತ್ತವೆ. ಅರಿಶಿನ ಹಚ್ಚುವುದೂ ಬೇಡ. ಹೀಗೆ ತಂಪಾಗಿಟ್ಟ ಬೆರಳು ಹನ್ನೆರಡು ಗಂಟೆಯ ನಂತರವೂ ಉಳಿದೀತು. ಸ್ನಾಯುಗಳಿರುವ ಮುಂಗೈ, ತೋಳುಗಳಿಗೆ ತಂಪಿಲ್ಲದಿದ್ದರೆ ಸುಮಾರು 6 ಗಂಟೆಯಷ್ಟೇ ಅವಧಿ.

ಇನ್ನು ರೋಗಿಯ ಗೌಪ್ಯತೆಯ ಪ್ರಶ್ನೆ. 2020ರ ಮಾರ್ಚ್‌ನಲ್ಲಿ ಹೊರಬಂದ ದೂರವೈದ್ಯಕೀಯ ಮಾರ್ಗಸೂಚಿಯು ವಾಟ್ಸಾಪ್ ಮೂಲಕ ಸಮಾಲೋಚಿಸುವುದಕ್ಕೂ, ವೈದ್ಯರು ಮತ್ತೊಬ್ಬ ವೈದ್ಯರ ಅಭಿಪ್ರಾಯ ಪಡೆಯುವುದಕ್ಕೂ ಅವಕಾಶ ನೀಡಿತು. ಆದರೆ ಗುರುತು ಸಿಗುವಂತಹ ಚಿತ್ರವನ್ನು ಅನುಮತಿಯಿಲ್ಲದೆ ಪ್ರಕಟಿಸಬಾರದೆಂಬುದು 2002ರ ನಿಯಮಗಳಲ್ಲಿಯೇ ಇದೆ. ಇಲ್ಲಿ ತಪ್ಪುವವರು ವೈದ್ಯರಷ್ಟೇ ಅಲ್ಲ. ಅವಘಡವಾದೊಡನೆ ಕಾರ್ಮಿಕನ ರಕ್ತಸಿಕ್ತ ಕೈಯ ಚಿತ್ರ ಮಾಲೀಕರ ಬಳಗಗಳಲ್ಲಿ, ಶುಭೋದಯದ ಹೂವಿನ ಚಿತ್ರಗಳ ನಡುವೆ, ಹರಿದಾಡುವುದನ್ನು ಸದಸ್ಯರು ಬಲ್ಲರು. ಆ ಚಿತ್ರ ಚಿಕಿತ್ಸೆ ನೀಡುವ ವೈದ್ಯರಿಗೆ ಮಾತ್ರ ಹೋಗತಕ್ಕದ್ದು.

ಆದುದರಿಂದ ಪ್ರತಿ ಗಿರಣಿಯ ಮಾಲೀಕರೂ ಮಾಡಬಹುದಾದ ಕೆಲಸವೊಂದಿದೆ. ಹತ್ತಿರದ ಆಸ್ಪತ್ರೆಗೆ ಒಮ್ಮೆ ಹೋಗಿ, ಇಂತಹ ಚಿತ್ರಗಳನ್ನು ಅವರು ಯಾವ ಶಸ್ತ್ರಚಿಕಿತ್ಸಕರಿಗೆ ಕಳುಹಿಸುತ್ತಾರೆ, ರಾತ್ರಿ ಪಾಳಿಯಲ್ಲಿ ಯಾರು ಉತ್ತರಿಸುತ್ತಾರೆ ಎಂದು ಕೇಳಿ, ಆ ಸಂಖ್ಯೆಯನ್ನು ವಿದ್ಯುತ್ ಸ್ವಿಚ್ಚಿನ ಪಕ್ಕದ ಗೋಡೆಗೆ ಅಂಟಿಸಿಡುವುದು.