ಅಲೈನರ್ ಹಾಕಿಸಿದ್ದೀರಾ? ಊಟಕ್ಕಿಂತ ಕಾಫಿಯ ಬಗ್ಗೆ ಎಚ್ಚರ

ಹಲ್ಲು ನೇರ ಮಾಡಿಸುವುದೆಂದರೆ ಕ್ಲಿಪ್ ಹಾಕಿಸುವುದು, ಅಂದರೆ ಬಾಯಿ ತುಂಬ ತಂತಿ ಎಂದೇ ನಮ್ಮ ಅನೇಕ ಮನೆಗಳಲ್ಲಿ ಈಗಲೂ ತಿಳಿದುಕೊಂಡಿದ್ದಾರೆ. ಆದರೆ ತಂತಿಯ ಬದಲು, ಹಾಕಿಕೊಂಡರೂ ಎದುರಿನವರಿಗೆ ಕಾಣದಂಥ ಪಾರದರ್ಶಕ ಪ್ಲಾಸ್ಟಿಕ್ ಕವಚಗಳು ಬಂದು ಬಹಳ ಕಾಲವಾಯಿತು. ಇವುಗಳಿಗೆ 'ಅಲೈನರ್' ಎಂದು ಹೆಸರು. 1997ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಆರಂಭವಾದ ಸಂಸ್ಥೆಯೊಂದು ಇದನ್ನು 'ಇನ್‌ವಿಸಲೈನ್' ಎಂಬ ಹೆಸರಿನಲ್ಲಿ ಪ್ರಚಾರಕ್ಕೆ ತಂದಿತು. ಈಗ ನಮ್ಮ ದೇಶದಲ್ಲೇ ತಯಾರಾಗುವ ಅಲೈನರ್‌ಗಳೂ ಇವೆ. ಒಂದೊಂದು ಕವಚವೂ ಹಲ್ಲುಗಳನ್ನು ಕೂದಲೆಳೆಯಷ್ಟು ಸರಿಸುತ್ತದೆ. ಒಂದು ಅಥವಾ ಎರಡು ವಾರಕ್ಕೊಮ್ಮೆ ಹೊಸ ಕವಚ ಹಾಕಿಕೊಳ್ಳುತ್ತಾ ಹೋಗಬೇಕು.

ಯಾವ ಹಲ್ಲು ಎತ್ತ ಸರಿಯಬೇಕೆಂಬುದು ದಂತವೈದ್ಯರಿಗೆ ಬಿಟ್ಟ ವಿಷಯ. ಆದರೆ ಅಲೈನರ್ ಹಾಕಿಸಿಕೊಂಡವರ ಊಟ ತಿಂಡಿಯ ಪ್ರಶ್ನೆಗಳು ನನ್ನಂಥ ಸಾಮಾನ್ಯ ವೈದ್ಯರ ಮುಂದೆಯೂ ಬರುತ್ತವೆ. ಊಟಕ್ಕೆ ಕುಳಿತಾಗ ಅಲೈನರ್ ತೆಗೆಯಬೇಕೆಂಬುದನ್ನು ಬಹುತೇಕ ಎಲ್ಲರೂ ಪಾಲಿಸುತ್ತಾರೆ. ಅದನ್ನು ಬಾಯಲ್ಲಿಟ್ಟುಕೊಂಡು ಚಪಾತಿ ಅಗಿಯಲು ಹೊರಟವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ತೊಂದರೆಯಾಗುವುದು ಕುಡಿಯುವ ಪದಾರ್ಥಗಳಿಂದ. "ಕುಡಿಯುವುದು ತಾನೆ, ಅಗಿಯುವುದೇನೂ ಇಲ್ಲವಲ್ಲ" ಎಂಬ ಸಮಾಧಾನ ಹಲ್ಲಿಗೆ ದುಬಾರಿಯಾಗುತ್ತದೆ.

ಜ್ವರ, ಗಂಟಲು ನೋವೆಂದು ಕಾಲೇಜು ವಿದ್ಯಾರ್ಥಿನಿಯೊಬ್ಬಳು ತಾಯಿಯೊಂದಿಗೆ ಬಂದಿದ್ದಳು. ಗಂಟಲು ನೋಡಲು ಬಾಯಿ ತೆರೆಸಿದಾಗ ಮೇಲಿನ ಹಲ್ಲುಗಳಲ್ಲಿ, ಒಸಡಿನ ಅಂಚಿಗೆ, ಸುಣ್ಣ ಬಳಿದಂಥ ಬಿಳಿ ಮಚ್ಚೆಗಳು ಕಂಡವು. ವಿಚಾರಿಸಿದರೆ, ಊಟ ತಿಂಡಿಗೆ ಅಲೈನರ್ ತೆಗೆಯುವುದನ್ನು ಆಕೆ ಒಂದು ದಿನವೂ ತಪ್ಪಿಸಿರಲಿಲ್ಲ. ಆದರೆ ಬೆಳಗಿನ ಕಾಫಿ, ಕ್ಯಾಂಟೀನಿನ ತಂಪು ಪಾನೀಯ, ರಾತ್ರಿಯ ಬಾದಾಮಿ ಹಾಲು ಎಲ್ಲವೂ ಅಲೈನರ್ ಇದ್ದ ಹಾಗೆಯೇ ನಡೆಯುತ್ತಿತ್ತು. ತಾಯಿಗೆ ಆಶ್ಚರ್ಯ: "ದಿನಕ್ಕೆರಡು ಸಲ ಹಲ್ಲುಜ್ಜುತ್ತಾಳಲ್ಲ ಡಾಕ್ಟ್ರೇ!"

ಆ ಬಿಳಿ ಮಚ್ಚೆಗಳೇ ಹುಳುಕಿನ ಮೊದಲ ಹೆಜ್ಜೆ. ಹಲ್ಲಿನ ಮೇಲೆ ಅಂಟಿಕೊಂಡಿರುವ ಬ್ಯಾಕ್ಟೀರಿಯಾಗಳು ಸಕ್ಕರೆಯನ್ನು ಆಮ್ಲವನ್ನಾಗಿ ಮಾಡುತ್ತವೆ. ಸಿಹಿ ತಿಂದ ಕೆಲವೇ ನಿಮಿಷಗಳಲ್ಲಿ ಹಲ್ಲಿನ ಮೇಲ್ಮೈಯಲ್ಲಿ ಆಮ್ಲ ಏರುತ್ತದೆ. ಪಿ.ಎಚ್. ಪ್ರಮಾಣ ಸುಮಾರು 5.5ಕ್ಕಿಂತ ಕೆಳಗಿಳಿದರೆ ಎನಾಮಲ್‌ನಲ್ಲಿರುವ ಸುಣ್ಣದ ಅಂಶ ಕರಗತೊಡಗುತ್ತದೆ. ಇದಕ್ಕೆ ಪರಿಹಾರವೂ ನಮ್ಮ ಬಾಯಲ್ಲೇ ಇದೆ, ಅದೇ ಜೊಲ್ಲು. ಅದು ಆಮ್ಲವನ್ನು ತೊಳೆದು, ಕರಗಿದ ಸುಣ್ಣವನ್ನು ಮತ್ತೆ ಹಲ್ಲಿಗೆ ತುಂಬುತ್ತದೆ. ಸಾಮಾನ್ಯವಾಗಿ ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಬಾಯಿ ಮೊದಲಿನ ಸ್ಥಿತಿಗೆ ಬರುತ್ತದೆ.

ಅಲೈನರ್ ಹಾಕಿದ್ದಾಗ ಈ ಜೊಲ್ಲು ಹಲ್ಲಿನ ಮೇಲೆ ಸರಾಗವಾಗಿ ಹರಿಯಲಾರದು. ಆದರೆ ಕಾಫಿ ಮಾತ್ರ ಕವಚದ ಅಂಚಿನಿಂದ ಒಳಗೆ ಜಿನುಗಿ ಅಲ್ಲಿಯೇ ನಿಲ್ಲುತ್ತದೆ. ಒಂದು ಲೋಟ ಕಾಫಿ ಕುಡಿದು ಮುಗಿಸಲು ಐದು ನಿಮಿಷ. ಅದರ ಸಕ್ಕರೆಯಲ್ಲಿ ಹಲ್ಲು ನೆನೆಯುವುದು ಮುಂದಿನ ಸಲ ಅಲೈನರ್ ತೆಗೆಯುವವರೆಗೆ! ಬಿಳಿ ಮಚ್ಚೆಯ ಹಂತದಲ್ಲೇ ಕಂಡುಕೊಂಡರೆ ಫ್ಲೋರೈಡ್ ಮತ್ತು ಶುಚಿತ್ವದಿಂದ ಹುಳುಕನ್ನು ತಡೆಯಬಹುದು. ಗುಂಡಿ ಬಿದ್ದ ಮೇಲೆ ಹಲ್ಲು ತುಂಬಿಸದೆ ಗತ್ಯಂತರವಿಲ್ಲ. ನೇರವಾದ ಹಲ್ಲಿನ ಸಾಲಿನಲ್ಲಿ ಹುಳುಕು ಹಲ್ಲು ಇದ್ದರೆ ಅಷ್ಟು ಹಣ ಸುರಿದು ಏನು ಬಂತು?

ಹಾಗಾದರೆ ಅಲೈನರ್ ಹಾಕಿಕೊಂಡೇ ಏನನ್ನು ಕುಡಿಯಬಹುದು? ನೀರನ್ನು, ಅದೂ ತಣ್ಣೀರು ಇಲ್ಲವೆ ಉಗುರು ಬೆಚ್ಚಗಿನ ನೀರನ್ನು ಮಾತ್ರ. ಸುಡುವ ಬಿಸಿನೀರಿಗೆ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ಎಳನೀರಿನಲ್ಲೂ ಸಕ್ಕರೆಯಿದೆ, ಬರೀ ಹಾಲಿನಲ್ಲೂ ಲ್ಯಾಕ್ಟೋಸ್ ಎಂಬ ಸಕ್ಕರೆಯಿದೆ. ಮಜ್ಜಿಗೆ, ನಿಂಬೆ ಪಾನಕ, ಸೋಡಾ ಹುಳಿ ಪದಾರ್ಥಗಳು. "ನಾನು ಸಕ್ಕರೆಯಿಲ್ಲದ ಕಾಫಿ ಕುಡಿಯುತ್ತೇನೆ" ಎನ್ನುವವರಿಗೂ ವಿನಾಯಿತಿಯಿಲ್ಲ. ಅದರಲ್ಲಿ ಹಾಲಿದೆ, ಬಿಸಿಯಿದೆ, ಮೇಲೆ ಕಾಫಿಯ ಕಲೆ ಬೇರೆ. ನಾವು ಬರೆದುಕೊಡುವ ಕೆಮ್ಮಿನ ಸಿರಪ್, ಚೀಪುವ ಗಂಟಲು ಮಾತ್ರೆ, ಓ.ಆರ್.ಎಸ್. ದ್ರಾವಣ ಇವುಗಳಲ್ಲೂ ಸಾಮಾನ್ಯವಾಗಿ ಸಿಹಿಯಿರುತ್ತದೆ. ರಾತ್ರಿ ಹಲ್ಲುಜ್ಜಿ ಅಲೈನರ್ ಹಾಕಿಕೊಂಡ ಮೇಲೆ ಒಂದು ಚಮಚ ಸಿರಪ್ ಕುಡಿದು ಮಲಗಿದರೆ ಹಲ್ಲುಜ್ಜಿದ್ದು ವ್ಯರ್ಥ. ಸಿರಪ್ ಮೊದಲು, ಹಲ್ಲುಜ್ಜುವುದು ಆಮೇಲೆ ಎಂದು ಇಟ್ಟುಕೊಳ್ಳಿ.

ಎರಡು ಗಂಟೆಯ ಲೆಕ್ಕ

"ಹಾಗಿದ್ದರೆ ಪ್ರತಿ ಸಲವೂ ತೆಗೆದಿಟ್ಟೇ ಕುಡಿಯುತ್ತೇವೆ" ಎನ್ನಬಹುದು. ಒಳ್ಳೆಯದೇ. ಆದರೆ ದಂತವೈದ್ಯರು ದಿನಕ್ಕೆ 20ರಿಂದ 22 ಗಂಟೆ ಅಲೈನರ್ ಬಾಯಲ್ಲಿರಲಿ ಎನ್ನುತ್ತಾರೆ. 22 ಎಂದು ಹಿಡಿದರೆ ತಿನ್ನಲು, ಕುಡಿಯಲು, ಹಲ್ಲುಜ್ಜಲು ಉಳಿಯುವುದು ಎರಡೇ ಗಂಟೆ.

ನಮ್ಮ ಮನೆಗಳ ದಿನಚರಿ ನೋಡಿ. ಎದ್ದ ಕೂಡಲೇ ಕಾಫಿ, ಎಂಟೂವರೆಗೆ ತಿಂಡಿ, ಅದರ ಹಿಂದೆ ಮತ್ತೊಂದು ಕಾಫಿ, ಹನ್ನೊಂದಕ್ಕೆ ಆಫೀಸಿನಲ್ಲಿ ಬೈಟು ಟೀ, ಒಂದೂವರೆಗೆ ಊಟ, ನಾಲ್ಕಕ್ಕೆ ಟೀ ಜೊತೆ ಚಕ್ಕುಲಿ ಅಥವಾ ಖಾರ, ಯಾರಾದರೂ ನೆಂಟರು ಬಂದರೆ ಇನ್ನೊಂದು ಲೋಟ, ಒಂಬತ್ತಕ್ಕೆ ಊಟ, ಮಲಗುವ ಮುನ್ನ ಬಾಳೆಹಣ್ಣು. ಎಂಟು ಒಂಬತ್ತು ಸಲ ತೆಗೆಯುವುದು, ಪ್ರತಿ ಸಲ ಬಾಯಿ ತೊಳೆಯುವುದು ಎಂದರೆ ನಾಲ್ಕು ಗಂಟೆ ಕಳೆದದ್ದೇ ಗೊತ್ತಾಗದು. ಬಾಯಲ್ಲಿಲ್ಲದ ಅಲೈನರ್ ಹಲ್ಲನ್ನು ಸರಿಸಲಾರದು. ಸಾಲದ್ದಕ್ಕೆ, ಸರಿದ ಹಲ್ಲು ಹಿಂದಕ್ಕೂ ಹೋಗಲು ನೋಡುತ್ತದೆ. ಹೊಸ ಕವಚ ಸರಿಯಾಗಿ ಕೂರುವುದಿಲ್ಲ, ಚಿಕಿತ್ಸೆ ತಿಂಗಳುಗಟ್ಟಲೆ ಲಂಬಿಸುತ್ತದೆ.

ಉಪಾಯವೆಂದರೆ, ಕಾಫಿ ಟೀಗಳನ್ನು ಬಿಡುವ ಬದಲು ಅವುಗಳನ್ನು ಊಟ ತಿಂಡಿಯ ಮಗ್ಗುಲಿಗೆ ತಂದುಕೊಳ್ಳುವುದು. ಕಾಫಿ ತಿಂಡಿಯ ಜೊತೆಗೇ ಆಗಲಿ. ಹನ್ನೊಂದರ ಟೀ ಬಿಡಿ. ಚಕ್ಕುಲಿ, ಹಣ್ಣು, ಟೀ ಸಂಜೆ ಒಂದೇ ಸಲ ಮುಗಿಯಲಿ. ಹಾಲು ಕುಡಿಯುವವರು ರಾತ್ರಿ ಊಟದ ಕೊನೆಗೇ ಕುಡಿದು, ಹಲ್ಲುಜ್ಜಿ, ಅಲೈನರ್ ಹಾಕಿಕೊಂಡರೆ ಬೆಳಗಿನವರೆಗೆ ಚಿಂತೆಯಿಲ್ಲ. ಹೀಗೆ ದಿನಕ್ಕೆ ನಾಲ್ಕು ಸಲಕ್ಕೆ ಇಳಿಸಿದರೆ ಎರಡು ಗಂಟೆಯ ಲೆಕ್ಕ ಹೆಚ್ಚುಕಡಿಮೆ ಕೂಡಿಬರುತ್ತದೆ. ಕಾಫಿಗೆ ಒಗ್ಗಿಕೊಂಡವರಿಗೆ ಮೊದಲ ವಾರ ತಲೆನೋವು ಬರಬಹುದು, ಆಮೇಲೆ ಹೋಗುತ್ತದೆ. ರಂಜಾನ್ ಉಪವಾಸ ಮಾಡುವವರಿಗೆ ಹಗಲಿನಲ್ಲಿ ಈ ರಗಳೆಯೇ ಇಲ್ಲ. ಅವರು ಇಫ್ತಾರ್‌ನಿಂದ ಸಹರಿಯವರೆಗೆ ಎಚ್ಚರ ವಹಿಸಿದರಾಯಿತು. ಏಕಾದಶಿಯ ಉಪವಾಸದ್ದು ಬೇರೆ ಕಥೆ. ಫಲಾಹಾರವೆಂದು ದಿನವಿಡೀ ಆಗೊಂದು ಖರ್ಜೂರ, ಈಗೊಂದು ಬಾಳೆಹಣ್ಣು ಬಾಯಿಗೆ ಹಾಕಿಕೊಳ್ಳುವುದು ಹಲ್ಲಿನ ದೃಷ್ಟಿಯಿಂದ ಹಬ್ಬದೂಟಕ್ಕಿಂತ ಕೆಟ್ಟದ್ದು.

ಇಲ್ಲಿ ಒಂದು ಮುಖ್ಯ ಮಾತು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಕೆಲವು ಬಗೆಯ ಮಾತ್ರೆ ತೆಗೆದುಕೊಳ್ಳುವವರು ತಮ್ಮಷ್ಟಕ್ಕೆ ತಾವೇ ಹೀಗೆ ತಿಂಡಿಯ ಹೊತ್ತು ಬದಲಿಸಕೂಡದು. ಎರಡು ಊಟಗಳ ನಡುವೆ ಅಂತರ ಹೆಚ್ಚಾದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ನಿಮ್ಮ ವೈದ್ಯರಿಗೆ ಅಲೈನರ್ ವಿಷಯ ತಿಳಿಸಿ, ಔಷಧಿಯ ಹೊತ್ತನ್ನೂ ಪ್ರಮಾಣವನ್ನೂ ಅದಕ್ಕೆ ಹೊಂದಿಸಿಕೊಳ್ಳಿ. ಬೆವರು, ನಡುಕ, ತಲೆಸುತ್ತು ಬಂದರೆ ಅಲೈನರ್ ತೆಗೆಯಲು ಕನ್ನಡಿ ಹುಡುಕುತ್ತಾ ಹೋಗಬೇಡಿ. ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಯಿರಿ. ಹಲ್ಲನ್ನು ಆಮೇಲೆ ತೊಳೆಯಬಹುದು. ಬೆಳೆಯುವ ಮಕ್ಕಳ ಬಗ್ಗೆಯೂ ಗಮನವಿರಲಿ. ಶಾಲೆಯಲ್ಲಿ ಎಲ್ಲರೆದುರು ಬಾಯಿಂದ ಅಲೈನರ್ ತೆಗೆಯಲು ನಾಚಿ ಡಬ್ಬಿಯ ಊಟವನ್ನು ಹಾಗೇ ಮನೆಗೆ ತರುವ ಮಕ್ಕಳಿದ್ದಾರೆ. ಮಗುವನ್ನು ಬೈಯುವ ಮೊದಲು ಶಾಲೆಯ ಟೀಚರ್ ಹತ್ತಿರ ಮಾತಾಡಿ, ಕೈತೊಳೆಯುವ ಜಾಗದಲ್ಲಿ ಒಂದೆರಡು ನಿಮಿಷ ಬಿಡುವು ಕೊಡಿಸಿ.

ಹೊಸ ಕವಚ ಹಾಕಿದ ಎರಡು ಮೂರು ದಿನ ಹಲ್ಲು ಬಿಗಿದು ನೋಯುವುದು ಸಹಜ. ಆಗ ಇಡ್ಲಿ, ಗಂಜಿ, ಮೊಸರನ್ನ, ಮೆತ್ತಗಿನ ಪೊಂಗಲ್ ಸಾಕು. ರಾಗಿ ಮುದ್ದೆಯಂತೂ ಇದಕ್ಕೆಂದೇ ಮಾಡಿದಂತಿದೆ, ಅಗಿಯುವ ಗೋಜೇ ಇಲ್ಲ! ಹೊಸ ಕವಚವನ್ನು ರಾತ್ರಿ ಊಟವಾದ ಮೇಲೆ ಹಾಕಿಕೊಂಡರೆ ಮೊದಲ ನೋವು ನಿದ್ದೆಯಲ್ಲಿ ಕಳೆಯುತ್ತದೆ. ಕೆಲವರ ಹಲ್ಲಿನ ಮೇಲೆ ಕವಚಕ್ಕೆ ಹಿಡಿತ ಸಿಗಲೆಂದು ಹಲ್ಲಿನದೇ ಬಣ್ಣದ ಸಣ್ಣ ಗುಬುಟುಗಳನ್ನು ಅಂಟಿಸಿರುತ್ತಾರೆ. ಕಬ್ಬು ಸಿಗಿಯುವುದು, ಹುರಿಗಡಲೆ ಉಂಡೆ ಕಚ್ಚುವುದು, ಅಡಿಕೆ ಅಗಿಯುವುದು ಇವಕ್ಕೆ ಆಗಿಬರುವುದಿಲ್ಲ, ಕಿತ್ತುಬರುತ್ತವೆ.

ಅರಿಶಿನದ ವಿಷಯ ಗೃಹಿಣಿಯರು ಕೇಳುತ್ತಾರೆ. ನಮ್ಮ ಸಾರು, ಚಿತ್ರಾನ್ನ, ಪಲ್ಯ ಯಾವುದೂ ಅರಿಶಿನವಿಲ್ಲದೆ ಆಗುವುದಿಲ್ಲ. ಅದನ್ನು ಬಿಡಬೇಕಾಗಿಲ್ಲ. ಊಟವಾದ ಮೇಲೆ ಬಾಯಿ ತೊಳೆಯದೆ ಅಲೈನರ್ ಏರಿಸಿದರೆ ಮಾತ್ರ ಅದು ಹಳದಿಯಾಗುತ್ತದೆ. ಹಲ್ಲುಜ್ಜಿ ಹಾಕಿಕೊಳ್ಳುವುದು ಉತ್ತಮ. ಆಫೀಸಿನಲ್ಲಿ ಆಗದಿದ್ದರೆ ಮೂರು ನಾಲ್ಕು ಸಲ ಜೋರಾಗಿ ಬಾಯಿ ಮುಕ್ಕಳಿಸಿ ಹಾಕಿಕೊಂಡು, ಮನೆಗೆ ಬಂದೊಡನೆ ಉಜ್ಜಿ. ಹುಣಸೆ ಗೊಜ್ಜು, ನಿಂಬೆ, ಕಿತ್ತಳೆಯಂಥ ಹುಳಿ ತಿಂದಾಗ ತಕ್ಷಣ ಬ್ರಷ್ ಹಾಕಬೇಡಿ, ಆಗ ಎನಾಮಲ್ ಮೆದುವಾಗಿರುತ್ತದೆ. ನೀರಿನಿಂದ ಮುಕ್ಕಳಿಸಿ, ಅರ್ಧ ಗಂಟೆ ಬಿಟ್ಟು ಉಜ್ಜಿ. ಅಲೈನರನ್ನು ತಣ್ಣೀರಿನಲ್ಲಿ ಮೆದು ಬ್ರಷ್‌ನಿಂದ ತೊಳೆದರೆ ಸಾಕು. ಮಕ್ಕಳ ಹಾಲಿನ ಬಾಟಲಿಯನ್ನು ಕುದಿಸಿದಂತೆ ಇದನ್ನೂ ಕುದಿಸಲು ಹೋದರೆ ಮತ್ತೆ ಬಾಯಿಗೆ ಹತ್ತದು.

ಇನ್ನು ಮದುವೆ ಮನೆಯ ಊಟ. ಅಲೈನರ್ ತೆಗೆದು, ಕಾಗದದ ಕರವಸ್ತ್ರದಲ್ಲಿ ಸುತ್ತಿ ಬಾಳೆಲೆಯ ಪಕ್ಕದಲ್ಲಿಟ್ಟು ಹೋಳಿಗೆ ಉಂಡವರು ಕೈ ತೊಳೆದು ಬರುವಷ್ಟರಲ್ಲಿ ಎಲೆ ಎತ್ತಿರುತ್ತಾರೆ! ಅದಕ್ಕೆಂದು ಕೊಟ್ಟ ಡಬ್ಬಿ ಸದಾ ಜೇಬಿನಲ್ಲೋ ವ್ಯಾನಿಟಿ ಬ್ಯಾಗಿನಲ್ಲೋ ಇರಲಿ. ಹಿಂದಿನ ಕವಚವನ್ನು ಎಸೆಯದೆ ತೊಳೆದಿಟ್ಟುಕೊಳ್ಳಿ. ಈಗಿನದು ಕಳೆದುಹೋದರೆ ಅಂದೇ ದಂತವೈದ್ಯರಿಗೆ ಫೋನ್ ಮಾಡಿ. ಹಿಂದಿನದನ್ನು ಹಾಕಿಕೊಳ್ಳಬೇಕೋ, ಮುಂದಿನದಕ್ಕೆ ಹೋಗಬೇಕೋ ಎಂಬುದನ್ನು ಅವರೇ ಹೇಳುತ್ತಾರೆ.